ಇಸ್ಲಾಮಿಕ್ ಇತಿಹಾಸದ ರಾಜವಂಶಗಳನ್ನು ಇಸವಿ ಸಮೇತ ಬಾಯಿಪಾಠ ಮಾಡಲು ಗೋಡೆ ಚಾರ್ಟ್ ಒಳ್ಳೆಯದೋ, ಫ್ಲ್ಯಾಶ್ ಕಾರ್ಡೋ? ವಂಶಗಳೆಲ್ಲ ಕಲಸಿಹೋಗುತ್ತಿವೆ, ಪರೀಕ್ಷೆ ಹತ್ತಿರ ಬಂತು, ಹೆಚ್ಚು ಓದಲು ಪುರುಸೊತ್ತಿಲ್ಲ.

ಎರಡೂ ಬೇಡ. ಗೋಡೆಗೆ ಚಾರ್ಟ್ ಅಂಟಿಸಿಕೊಂಡು, ಅದನ್ನೇ ನಂಬಿ ಕೈಗೆ ಬಂದಿದ್ದ ಉಪನ್ಯಾಸಕನ ಕೆಲಸ ಕಳಕೊಂಡವನು ನಾನು. ಹಾಗಾಗಿ ಇದು ಸಮತೂಕದ ಉತ್ತರವಲ್ಲ.

ಎಂ.ಎ. ಮುಗಿಸಿ ಒಂದು ಪದವಿ ಕಾಲೇಜಿನ ಸಂದರ್ಶನಕ್ಕೆ ಓದುತ್ತಿದ್ದೆ. ನಿಮ್ಮ ಹಾಗೆಯೇ ನನಗೂ ಈ ವಂಶಗಳೆಲ್ಲ ಒಂದರೊಳಗೊಂದು ಕಲಸಿಹೋಗುತ್ತಿದ್ದವು. ಡ್ರಾಯಿಂಗ್ ಶೀಟುಗಳನ್ನು ಉದ್ದಕ್ಕೆ ಅಂಟಿಸಿ ಬರೆದೆ: ಉಮಯ್ಯದ್ 661–750, ಅಬ್ಬಾಸಿ 750–1258, ಫಾತಿಮಿ 909–1171, ಮಾಮ್ಲೂಕ್ 1250–1517. ಕೆಳಗೆ ಬೇರೆ ಬಣ್ಣದಲ್ಲಿ ನಮ್ಮ ಬಹಮನಿಗಳು, 1347ರಿಂದ. ಒಂದೊಂದು ವಂಶ ಮುಗಿದಲ್ಲೂ ಒಂದು ಕೆಂಪು ಗೆರೆ. 1258ರ ಗೆರೆ ಎಲ್ಲಕ್ಕಿಂತ ದಪ್ಪ. ಮಂಗೋಲರ ದೊರೆ ಹುಲಾಗು ಅಬ್ಬಾಸಿಗಳ ರಾಜಧಾನಿ ಬಾಗ್ದಾದಿಗೆ ನುಗ್ಗಿದ, ಮುಸ್ಲಿಂ ಜಗತ್ತಿನ ಮುಖ್ಯಸ್ಥ ಅನ್ನಿಸಿಕೊಂಡಿದ್ದ ಖಲೀಫ ಅಲ್-ಮುಸ್ತಅಸಿಮನನ್ನು ಕೊಲ್ಲಿಸಿದ, ಅಲ್ಲಿಗೆ ಖಿಲಾಫತ್ ಖತಂ. ನೋಡಲು ಚೆನ್ನಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ.

ಸಂದರ್ಶನ ಸಲೀಸಾಗಿ ಸಾಗುತ್ತಿತ್ತು. ಸಮಿತಿಯಲ್ಲಿದ್ದ ವಯಸ್ಸಾದ ಮೇಷ್ಟ್ರೊಬ್ಬರು ಮೆಲ್ಲಗೆ ಕೇಳಿದರು: "ಕಲಬುರಗಿಯ ಒಂದನೇ ಮುಹಮ್ಮದ್ ಶಾಹನಿಗೆ ಖಲೀಫನ ಮನ್ನಣೆ ಸಿಕ್ಕಿತಲ್ಲ, ಅದು ಎಲ್ಲಿಂದ ಬಂತು?"

"ಸಾಧ್ಯವಿಲ್ಲ ಸರ್. ಖಿಲಾಫತ್ 1258ಕ್ಕೆ ಮುಗಿದಿದೆ. ಬಹಮನಿ ರಾಜ್ಯ ಹುಟ್ಟಿದ್ದೇ 1347ಕ್ಕೆ" ಅಂದೆ. ಪಾಪ, ಅವರು "ಕೈರೋ ನೆನಪು ಮಾಡಿಕೊಳ್ಳಿ" ಅಂತ ಎಳೆ ಬೇರೆ ಕೊಟ್ಟರು. ನಾನು ಅದನ್ನೂ ಬಿಡಲಿಲ್ಲ. "ಕೈರೋದಲ್ಲಿದ್ದವರು ಫಾತಿಮಿಗಳು ಸರ್, ಅವರೂ 1171ಕ್ಕೆ ಮುಗಿದರು. ತಾವು ಬಹುಶಃ ಬೇರೆ ಯಾವುದೋ ಜೊತೆ..." ಅಂತ ಪ್ರಶ್ನೆ ಕೇಳಿದವರನ್ನೇ ತಿದ್ದಲು ಹೋದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮುಂದಿನ ಪ್ರಶ್ನೆ ಬರಲೇ ಇಲ್ಲ.

ನಡೆದದ್ದು ಇಷ್ಟು. ಬಾಗ್ದಾದ್ ಬಿದ್ದ ಮೇಲೆ, 1260ರಲ್ಲಿ ಐನ್ ಜಾಲೂತಿನಲ್ಲಿ ಮಂಗೋಲರನ್ನು ಸೋಲಿಸಿದವರು ಈಜಿಪ್ಟಿನ ಮಾಮ್ಲೂಕರು. ಗುಲಾಮ ಸೈನಿಕರಾಗಿ ಬಂದು ಸಿಂಹಾಸನ ಹಿಡಿದವರು. ತೋಳಲ್ಲಿ ಬಲವಿತ್ತು, ಹೇಳಿಕೊಳ್ಳಲು ಮನೆತನವಿರಲಿಲ್ಲ. ಅವರ ಸುಲ್ತಾನ ಬೈಬರ್ಸ್ 1261ರಲ್ಲಿ, ಬಾಗ್ದಾದಿನಿಂದ ತಪ್ಪಿಸಿಕೊಂಡು ಬಂದ ಅಬ್ಬಾಸಿ ಮನೆತನದವನೊಬ್ಬನನ್ನು ಕೈರೋದಲ್ಲಿ ಖಲೀಫನನ್ನಾಗಿ ಮಾಡಿ, ಅವನಿಂದಲೇ ತನ್ನ ಆಳ್ವಿಕೆಗೆ ಒಪ್ಪಿಗೆ ಪಡೆದ. ಆ ಖಲೀಫ ಸಣ್ಣ ಪಡೆಯೊಂದಿಗೆ ಬಾಗ್ದಾದ್ ಗೆಲ್ಲಲು ಹೊರಟು ಅದೇ ವರ್ಷ ಸತ್ತ. ಮರುವರ್ಷ ಇನ್ನೊಬ್ಬನನ್ನು ಕೂರಿಸಿದರು, ಈ ಸಲ ಕೈರೋದಲ್ಲೇ ಇಟ್ಟುಕೊಂಡರು. ಸೈನ್ಯವಿಲ್ಲ, ಅಧಿಕಾರವಿಲ್ಲ, ಆದರೆ ಸಹಿಗೆ ಬೆಲೆ ಇತ್ತು. ಒಂದನೇ ಮುಹಮ್ಮದ್ ಶಾಹನ ತಾಯಿ 1360ರ ಸುಮಾರಿಗೆ ಮಕ್ಕಾ ಯಾತ್ರೆಗೆ ಹೋದಾಗ ಮಗನ ಹೆಸರಿನಲ್ಲಿ ಖುತ್ಬಾ (ಶುಕ್ರವಾರದ ನಮಾಜಿನ ಪ್ರವಚನ) ಓದಿಸಲು, ನಾಣ್ಯ ಹೊಡೆಸಲು ಮನ್ನಣೆ ತರಿಸಿದ್ದು ಈ ಕೈರೋ ಖಲೀಫನಿಂದ.

ಈ ಸಂಗತಿ ಗೊತ್ತಿರಲಿಲ್ಲ ಅನ್ನುವುದು ದೊಡ್ಡದಲ್ಲ. ಯಾರಿಗೂ ಎಲ್ಲವೂ ಗೊತ್ತಿರುವುದಿಲ್ಲ. "ಗೊತ್ತಿಲ್ಲ ಸರ್" ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಚಾರ್ಟು ನನಗೆ "ಗೊತ್ತಿಲ್ಲ" ಅನ್ನಲು ಬಿಡಲಿಲ್ಲ, "ಸಾಧ್ಯವಿಲ್ಲ" ಅನ್ನಿಸಿತು. 1258 ಅನ್ನುವ ಅಂಕಿ ಹೇಳುವುದು ಒಂದು ಊರು ಬಿದ್ದ ಸುದ್ದಿ ಮಾತ್ರ. ಗೆರೆ ಎಳೆದವನು ನಾನು, ಆಮೇಲೆ ಗೆರೆಯ ಆಚೆ ಏನೂ ಇಲ್ಲ ಅಂತ ನಂಬಿದವನೂ ನಾನೇ. ದೆಹಲಿಯಲ್ಲಿ 1266ಕ್ಕೆ ಪಟ್ಟಕ್ಕೆ ಬಂದ ಬಲ್ಬನ್ ತನ್ನ ನಾಣ್ಯಗಳ ಮೇಲೆ ಹಾಕಿಸಿದ್ದು ಹುಲಾಗು ಕೊಲ್ಲಿಸಿದ ಅದೇ ಮುಸ್ತಅಸಿಮನ ಹೆಸರನ್ನು. ಮುಹಮ್ಮದ್ ಬಿನ್ ತುಘಲಕ್ ಇನ್ನೂ ಮುಂದೆ ಹೋಗಿ, ತನ್ನ ಹೆಸರು ತೆಗೆಸಿ ಕೈರೋ ಖಲೀಫ ಅಲ್-ಮುಸ್ತಕ್ಫಿಯ ಹೆಸರಿನಲ್ಲಿ ನಾಣ್ಯ ಹೊಡೆಸಿದ. ಆ ಮುಸ್ತಕ್ಫಿ 1340ರಲ್ಲೇ ತೀರಿಕೊಂಡಿದ್ದ! ಸುದ್ದಿ ದೆಹಲಿಗೆ ಬಂದಿರಲಿಲ್ಲ ಅಷ್ಟೆ.

ಮುಗಿದ ವರ್ಷ ಮಾತ್ರವಲ್ಲ, ನಡುವಿನ ಪಟ್ಟಿಯೂ ಮೋಸವೇ. ಅಬ್ಬಾಸಿ 750–1258 ಅಂದರೆ ಐದು ಶತಮಾನ ಅವರೇ ಆಳಿದರು ಅನ್ನಿಸುತ್ತದೆ. 945ರಲ್ಲೇ ಇರಾನಿನ ಬುಯಿದರು ಬಾಗ್ದಾದ್ ಹಿಡಿದು, ಖಲೀಫನನ್ನು ಹೆಸರಿಗೆ ಮಾತ್ರ ಇಟ್ಟುಕೊಂಡಿದ್ದರು. ಅವರು ಶಿಯಾಗಳು, ಖಲೀಫ ಸುನ್ನಿ. 1055ರಲ್ಲಿ ಆ ಜಾಗಕ್ಕೆ ಸೆಲ್ಜುಕ್ ತುರ್ಕರು ಬಂದರು. ಉಮಯ್ಯದರಂತೂ ನನ್ನ ಚಾರ್ಟಿನಲ್ಲಿ 750ಕ್ಕೆ ಸತ್ತಿದ್ದರು. ತಪ್ಪಿಸಿಕೊಂಡ ಅಬ್ದುರ್ ರಹಮಾನ್ 756ರಲ್ಲಿ ಸ್ಪೇನಿನ ಕೊರ್ದೋಬಾದಲ್ಲಿ ರಾಜ್ಯ ಕಟ್ಟಿದ, ಅವನ ವಂಶದವನು 929ರಲ್ಲಿ ತಾನೇ ಖಲೀಫ ಅಂದ. ಹತ್ತನೇ ಶತಮಾನದ ಕೊನೆಗೆ ಬಾಗ್ದಾದ್, ಕೈರೋ, ಕೊರ್ದೋಬಾ ಮೂರೂ ಕಡೆ ಒಬ್ಬೊಬ್ಬ ಖಲೀಫ. ಇದನ್ನು ಯಾವ ಚಾರ್ಟಿಗೆ ತುರುಕುತ್ತೀರಿ?

ನನ್ನ ಸಲಹೆ: ವಂಶಗಳನ್ನು ಬಿಟ್ಟು ಒಂದು ಊರು ಹಿಡಿಯಿರಿ. ಕೈರೋ ಹಿಡಿದರೆ ನಿಮ್ಮ ಸಿಲಬಸ್ಸಿನ ಮುಕ್ಕಾಲು ಪಾಲು ಅದೇ ಬಾಗಿಲಲ್ಲಿ ಹಾದುಹೋಗುತ್ತದೆ. 969ರಲ್ಲಿ ಫಾತಿಮಿಗಳು ಅದನ್ನು ಕಟ್ಟಿದರು. ಮರುವರ್ಷ ಶುರುವಾದ ಅಲ್-ಅಜ್ಹರ್ ಮಸೀದಿ ಆಗ ಶಿಯಾಗಳದು, ಇವತ್ತು ಸುನ್ನಿ ವಿದ್ವತ್ತಿನ ದೊಡ್ಡ ಕೇಂದ್ರ. ಇದು ಹೇಗಾಯಿತು ಅಂತ ಕೇಳಿಕೊಂಡರೆ ಫಾತಿಮಿಗಳ ಆಳ್ವಿಕೆ ಮುಗಿಸಿದ ಸುನ್ನಿ ಸಲಾಹುದ್ದೀನನೂ 1171 ಕೂಡ ತಾವಾಗಿಯೇ ಬರುತ್ತಾರೆ. ಮುಂದೆ ಮಾಮ್ಲೂಕರು. ಅವರ ಕಾಲದಲ್ಲೇ ಟ್ಯೂನಿಸಿನಿಂದ ಬಂದು ಕೈರೋದಲ್ಲಿ ನ್ಯಾಯಾಧೀಶನಾದವನು ಇಬ್ನ್ ಖಲ್ದೂನ್. ವಂಶಗಳು ಯಾಕೆ ಏಳುತ್ತವೆ, ಮೂರ್ನಾಲ್ಕು ತಲೆಮಾರಿನಲ್ಲಿ ಯಾಕೆ ಸೊರಗುತ್ತವೆ ಅಂತ ತಲೆ ಕೆಡಿಸಿಕೊಂಡವನು. ನೀವು ಇಸವಿ ಉರುಹೊಡೆಯಲು ಹೊರಟಿರುವ ವಿಷಯಕ್ಕೆ ಅವನು ಕಾರಣ ಹುಡುಕಿದ್ದ. 1517ರಲ್ಲಿ ಒಟ್ಟೋಮನ್ ಸುಲ್ತಾನ ಸಲೀಂ ಕೈರೋ ಗೆದ್ದು ಅಲ್ಲಿಯ ಕೊನೆಯ ಅಬ್ಬಾಸಿ ಖಲೀಫನನ್ನು ಇಸ್ತಾಂಬುಲಿಗೆ ಕರೆದೊಯ್ದ.

ಪರೀಕ್ಷೆ ಹತ್ತಿರ ಬಂತು, ಇಷ್ಟೆಲ್ಲ ಓದಲು ಪುರುಸೊತ್ತಿಲ್ಲ ಅಂದಿದ್ದೀರಿ. ಬಹು ಆಯ್ಕೆಯ ಪತ್ರಿಕೆಗಾದರೆ ಕಾರ್ಡ್ ಮಾಡಿಕೊಳ್ಳಿ, ನಾನು ಬೇಡ ಅಂದರೂ ಮಾಡೇ ಮಾಡುತ್ತೀರಿ. ಆದರೆ ವಂಶ ಮುಗಿದ ಇಸವಿಯ ಹಿಂಬದಿಯಲ್ಲಿ "ಆಮೇಲೆ ಉಳಿದವರು ಎಲ್ಲಿ ಹೋದರು?" ಅಂತ ಬರೆದು, ಉತ್ತರಕ್ಕೆ ಒಂದು ಸಾಲು ಖಾಲಿ ಬಿಡಿ.