ಒರಟುತನಕ್ಕೆ ‘ಉದ್ಧಟತನ’ ಅಂತ ಬರೆಯಬಹುದಾ?

ಜೊತೆಯಲ್ಲಿ ಕೆಲಸ ಮಾಡುವವರು ಒರಟಾಗಿ ಮಾತಾಡಿದ್ದಕ್ಕೆ ದೂರಿನಲ್ಲಿ ‘ಉದ್ಧಟತನ’ ಅಂತ ಬರೆಯಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬರೆಯಬೇಡಿ. ನಾನು ಬರೆದಿದ್ದೆ.

ಹೊಸದಾಗಿ ಸೇರಿದ್ದ ಹುಡುಗ. ಒಂದು ಫೈಲು ಕೇಳಿದ್ದಕ್ಕೆ, ಬಗ್ಗಿಸಿದ ತಲೆ ಎತ್ತದೆ, "ನೀವೇ ಹುಡುಕ್ಕೊಳ್ಳಿ, ನಂಗೆ ಬೇರೆ ಕೆಲಸ ಇದೆ" ಅಂದ. ನಾಲ್ಕು ಜನರ ಎದುರಿಗೆ. ನನಗೆ ಮೈಯೆಲ್ಲ ಉರಿದುಹೋಯಿತು. ಅವತ್ತೇ ದೂರು ಬರೆದೆ. ಮೊದಲು ‘ಒರಟಾಗಿ’ ಅಂತಲೇ ಬರೆದಿದ್ದೆ. ಸಪ್ಪೆ ಅನ್ನಿಸಿತು. ಹೊಡೆದುಹಾಕಿ ‘ಉದ್ಧಟತನದಿಂದ’ ಅಂತ ಮಾಡಿದೆ.

ತಪ್ಪಾಗಿದ್ದು ಅಲ್ಲೇ. ಒರಟು ಅನ್ನುವುದು ಮೇಲೆ ಮೇಲೆ ಕಾಣುವ ಗುಣ. ಒರಟು ಬಟ್ಟೆ, ಒರಟು ಕೈ, ಒರಟು ಮಾತು. "ಮಾತು ಒರಟು, ಮನಸ್ಸು ಒಳ್ಳೇದು" ಅಂತೀವಲ್ಲ? ಅಲ್ಲಿ ‘ಉದ್ಧಟ’ ಹಾಕಿ ನೋಡಿ, ಕೂರುವುದೇ ಇಲ್ಲ. ಅದರ ಮೂಲ ಸಂಸ್ಕೃತದ ‘ಉದ್ಧತ’, ಅಂದರೆ ಮೇಲಕ್ಕೆ ಎತ್ತಿದ್ದು. ಬೇಕಂತಲೇ ಮೀರಿದ, ದೊಡ್ಡವರನ್ನು ಲೆಕ್ಕಕ್ಕೇ ಇಡಲಿಲ್ಲ ಅನ್ನುವ ಆರೋಪ ಅದರೊಳಗೇ ಇದೆ. ಮಗ ಅಪ್ಪನಿಗೆ ಎದುರು ಮಾತಾಡಿದರೆ ಉದ್ಧಟತನ. ಅಪ್ಪ ಮಗನ ಮೇಲೆ ಎಷ್ಟೇ ರೇಗಿದರೂ ಆ ಪದ ನಮ್ಮ ಬಾಯಿಗೆ ಬರುವುದಿಲ್ಲ. ಒರಟುತನ ನಡೆದ ಸಂಗತಿ. ಉದ್ಧಟತನ ಅಂದಾಗ ಎದುರಿನವರ ಮನಸ್ಸಿನಲ್ಲಿ ಏನಿತ್ತು ಅಂತಲೂ ನಾವೇ ತೀರ್ಮಾನ ಮಾಡಿಬಿಟ್ಟಿರುತ್ತೇವೆ.

ಮೇಲಿನವರು ನನ್ನ ಪದವನ್ನೇ ಎತ್ತಿಕೊಂಡು ಕಾರಣ ಕೇಳಿ ನೋಟಿಸ್ ಕೊಟ್ಟರು. ಅವನು ಆ ಕಾಗದ ಹಿಡಿದು ನನ್ನ ಮೇಜಿನ ಹತ್ತಿರ ಬಂದ. ಪದದ ಮೇಲೆ ಬೆರಳಿಟ್ಟು, "ಒರಟಾಗಿ ಮಾತಾಡಿದೆ ಸಾರ್, ಒಪ್ಕೋತೀನಿ. ಇದು ಮಾತ್ರ ಅಲ್ಲ" ಅಂದ. ಬೆರಳು ನಡುಗುತ್ತಿತ್ತು. ರಜೆಯಲ್ಲಿದ್ದ ಇಬ್ಬರ ಕೆಲಸವನ್ನೂ ಆ ವಾರ ಅವನೇ ಮಾಡುತ್ತಿದ್ದ ಅಂತ ನನಗೆ ಆಮೇಲೆ ಗೊತ್ತಾಯಿತು. ಪದ ವಾಪಸ್ ಪಡೆಯುತ್ತೇನೆ ಅಂತ ಬರೆದುಕೊಟ್ಟೆ. ಅಷ್ಟರಲ್ಲಿ ಅವನು ಕೆಲಸ ಬಿಟ್ಟಿದ್ದ. ಈಗಲೂ ಅದು ನನಗೆ ನೋವು.

ನನ್ನ ಕೇಳಿದರೆ, ನೀವು ಪದ ಹುಡುಕುವುದೇ ಬೇಡ. ಉಡಾಫೆ ಅಂದರೆ ಕ್ಯಾರೇ ಅನ್ನದಿರುವುದು, ಅಧಿಕಪ್ರಸಂಗ ಅಂದರೆ ಕೇಳದಿದ್ದರೂ ನಡುವೆ ಬಾಯಿ ಹಾಕುವುದು. ಅವೂ ತೀರ್ಪುಗಳೇ. ಮೊದಲು ಅವರ ಹತ್ತಿರ ಹೋಗಿ, "ನೀವು ಹಾಗಂದಿದ್ದು ಬೇಜಾರಾಯಿತು" ಅಂತ ಹೇಳಿ. ಆಮೇಲೂ ದೂರು ಕೊಡಲೇಬೇಕು ಅನ್ನಿಸಿದರೆ, ಅವರು ಆಡಿದ ಮಾತನ್ನು ಹಾಗ್‌ಹಾಗೇ ಬರೆಯಿರಿ. ಯಾವ ದಿನ, ಯಾರ ಎದುರಿಗೆ ಅಂತಲೂ ಸೇರಿಸಿ.