ಡೆಂಗಿ ಜ್ವರಕ್ಕೆ ಇಂಟರ್‌ಫೆರಾನ್ ಇಂಜೆಕ್ಷನ್ ಯಾಕೆ ಕೊಡುವುದಿಲ್ಲ?

ವೈರಸ್ ತಡೆಯುವ ಇಂಟರ್‌ಫೆರಾನ್ ನಮ್ಮ ಮೈಯಲ್ಲೇ ತಯಾರಾಗುತ್ತದಲ್ಲ, ಡೆಂಗಿ ಬಂದವರಿಗೆ ಅದನ್ನೇ ಚುಚ್ಚಿದರೆ ಆಗದಾ ಎಂದು ಕೇಳಿದ್ದೀರಿ. ನಾನು ಕಾಸರಗೋಡಿನ ಬದಿಯಡ್ಕ ಕಡೆ ಕನ್ನಡ ಮಾಧ್ಯಮದ ಮಕ್ಕಳಿಗೆ ಜೀವಶಾಸ್ತ್ರ ಪಾಠ ಮಾಡುವವಳು. ಮಳೆ ಹಿಡಿದು ತೋಟದಲ್ಲಿ ಬಿದ್ದ ಅಡಿಕೆ ಹಾಳೆಯಲ್ಲಿ, ರಬ್ಬರಿನ ಗೆರಟೆಯಲ್ಲಿ ನೀರು ನಿಂತಿತೆಂದರೆ ಕ್ಲಾಸಿನಲ್ಲೂ ಡೆಂಗಿಯದ್ದೇ ಮಾತು.

ಮೊದಲೇ ಹೇಳಿಬಿಡುತ್ತೇನೆ: ಜ್ವರ ಬಂದು ನೀವು ಮಲಗುವ ಹೊತ್ತಿಗೆ ಇಂಟರ್‌ಫೆರಾನ್ ಆಗಲೇ ಕೆಲಸ ಶುರು ಮಾಡಿರುತ್ತದೆ. ಆ ಚಳಿ, ಮೈಕೈ ನೋವಿನಲ್ಲಿ ಅದರ ಪಾಲೂ ಇದೆ.

ನಮ್ಮ ಕಡೆ ರಾತ್ರಿ ತೋಟಕ್ಕೆ ಹಂದಿ ನುಗ್ಗಿದರೆ ಆ ಮನೆಯವರು ಗರ್ನಾಲು ಹೊಡೆಯುತ್ತಾರೆ. ಅಷ್ಟರಲ್ಲಿ ಅವರ ಮರಗೆಣಸು ಹೋಗಿರುತ್ತದೆ, ಆದರೆ ಪಕ್ಕದ ಮನೆಯವರು ಎಚ್ಚರ ಆಗುತ್ತಾರೆ. ಇಂಟರ್‌ಫೆರಾನ್ ಕೂಡ ಹಾಗೆಯೇ. ಅದು ವೈರಸ್ಸನ್ನು ನೇರವಾಗಿ ಕೊಲ್ಲುವುದಿಲ್ಲ, ಅಕ್ಕಪಕ್ಕದ ಜೀವಕೋಶಗಳನ್ನು ಎಚ್ಚರಿಸುತ್ತದೆ.

ಇದನ್ನು 1957ರಲ್ಲಿ ಲಂಡನ್ನಿನ ಮಿಲ್ ಹಿಲ್‌ನಲ್ಲಿ ಅಲಿಕ್ ಐಸಾಕ್ಸ್ ಮತ್ತು ಜೀನ್ ಲಿಂಡೆನ್‌ಮನ್ ಕಂಡುಹಿಡಿದರು. ಆ ಪ್ರಯೋಗ ನನಗೆ ತುಂಬ ಇಷ್ಟ. ಮರಿಯಾಗುತ್ತಿರುವ ಕೋಳಿಮೊಟ್ಟೆಯೊಳಗಿನ ತೆಳು ಪೊರೆಯನ್ನು, ಬಿಸಿ ಮಾಡಿ ಸಾಯಿಸಿದ ಫ್ಲೂ ವೈರಸ್ ಜೊತೆ ದ್ರವದಲ್ಲಿ ಇಟ್ಟರು. ಆಮೇಲೆ ಪೊರೆ ತೆಗೆದು, ಉಳಿದ ದ್ರವಕ್ಕೆ ಹೊಸ ಪೊರೆ ಹಾಕಿದರು. ಈಗ ಜೀವಂತ ವೈರಸ್ ಬಿಟ್ಟರೂ ಅದು ಸರಿಯಾಗಿ ಬೆಳೆಯಲೇ ಇಲ್ಲ! ಮೊದಲ ಪೊರೆ ಏನನ್ನೋ ದ್ರವಕ್ಕೆ ಬಿಟ್ಟಿತ್ತು. ಅದೇ ಇಂಟರ್‌ಫೆರಾನ್.

ಎಚ್ಚರವಾದ ಜೀವಕೋಶದಲ್ಲಿ ನೂರಾರು ಜೀನ್‌ಗಳು ಒಟ್ಟಿಗೆ ಕೆಲಸಕ್ಕೆ ಇಳಿಯುತ್ತವೆ. ಪಿಕೆಆರ್ ಎಂಬ ಪ್ರೋಟೀನ್ ವೈರಸ್ಸಿನ ಆರ್‌ಎನ್‌ಎ ಕಂಡ ಕೂಡಲೇ ಆ ಕೋಶದಲ್ಲಿ ಹೊಸ ಪ್ರೋಟೀನ್ ತಯಾರಿಯನ್ನೇ ನಿಲ್ಲಿಸುತ್ತದೆ. ಆರ್‌ಎನ್‌ಏಸ್ ಎಲ್ ಎಂಬುದು ಆರ್‌ಎನ್‌ಎಯನ್ನು ತುಂಡು ಮಾಡುತ್ತದೆ, ವೈರಸ್ಸಿನದ್ದನ್ನೂ, ನಮ್ಮದನ್ನೂ. ನಷ್ಟ ನಮಗೂ ಇದೆ ಅಲ್ವಾ? ಹೆಪಟೈಟಿಸ್ ಸಿ ಕಾಯಿಲೆಗೆ ಮೊದಲು ಇಂಟರ್‌ಫೆರಾನ್ ಇಂಜೆಕ್ಷನ್ನೇ ಮುಖ್ಯ ಮದ್ದು. ಕೆಲವರಿಗೆ ವಾರಕ್ಕೊಂದರಂತೆ 48 ವಾರ. ಚುಚ್ಚಿದ ಕೆಲವೇ ಗಂಟೆಯಲ್ಲಿ ಚಳಿ, ಜ್ವರ, ಮೈಕೈ ನೋವು, ಥೇಟ್ ಫ್ಲೂ ಬಂದ ಹಾಗೆ. ಕೆಲವರು ಖಿನ್ನತೆಗೂ ಜಾರುತ್ತಿದ್ದರು. ನೇರವಾಗಿ ವೈರಸ್ಸಿಗೇ ಹೊಡೆಯುವ ಮಾತ್ರೆ ಬಂದ ಮೇಲೆ ಅದರ ಬಳಕೆ ತುಂಬ ಕಡಿಮೆಯಾಯಿತು.

ಹಾಗಂತ ಅದು ಇಲ್ಲದಿದ್ದರೂ ಕಷ್ಟ. ಕೋವಿಡ್ ತೀವ್ರವಾಗಿ ಜೀವಕ್ಕೇ ಅಪಾಯ ಬಂದವರಲ್ಲಿ ಸುಮಾರು 10 ಶೇಕಡ ಜನರ ರಕ್ತದಲ್ಲಿ, ಸ್ವಂತ ಇಂಟರ್‌ಫೆರಾನನ್ನೇ ಕಟ್ಟಿಹಾಕುವ ಪ್ರತಿಕಾಯಗಳಿವೆ ಎಂದು 2020ರಲ್ಲಿ ಗೊತ್ತಾಯಿತು.

ಇನ್ನು ಡೆಂಗಿ ವೈರಸ್ ಬಹಳ ಚಾಲಾಕಿ. ಇಂಟರ್‌ಫೆರಾನಿನ ಸಂದೇಶವನ್ನು ಕೋಶದೊಳಗೆ ಸಾಗಿಸುವುದು ಸ್ಟ್ಯಾಟ್2 ಎಂಬ ಪ್ರೋಟೀನ್. ಡೆಂಗಿ ವೈರಸ್ಸಿನ ಎನ್‌ಎಸ್5 ಎಂಬ ಪ್ರೋಟೀನ್ ಅದನ್ನೇ ನಾಶ ಮಾಡಿಸುತ್ತದೆ. ವೈರಸ್ ಹೊಕ್ಕ ಕೋಶಕ್ಕೆ ಹೊರಗಿನಿಂದ ಎಷ್ಟು ಕೊಟ್ಟರೂ ಸುದ್ದಿ ಒಳಗೆ ಮುಟ್ಟುವುದು ಕಷ್ಟ. ಮತ್ತೆ, ಡೆಂಗಿಯಲ್ಲಿ ಜೀವಕ್ಕೆ ಅಪಾಯ ಬರುವುದು ಹೆಚ್ಚಾಗಿ ಜ್ವರ ಇಳಿಯುವ ಹೊತ್ತಿಗೆ. ಆಗ ವೈರಸ್ ಕಡಿಮೆಯಾಗುತ್ತಾ ಬಂದಿರುತ್ತದೆ, ಆದರೆ ರಕ್ತನಾಳದಿಂದ ದ್ರವ ಸೋರುತ್ತಿರುತ್ತದೆ. ಅದಕ್ಕೆ ಬೇಕಾದ್ದು ಹೊತ್ತಿಗೆ ಸರಿಯಾಗಿ ಡ್ರಿಪ್, ಡಾಕ್ಟರ ಕಣ್ಣು.

ಇಂಟರ್‌ಫೆರಾನ್ ಜಾಸ್ತಿ ಮಾಡುತ್ತದೆ ಅಂತ ಯಾರಾದರೂ ಪುಡಿ ಮಾರಿದರೆ ದಯವಿಟ್ಟು ಕೊಳ್ಳಬೇಡಿ. ಗಂಜಿ ತಿಳಿ, ಎಳನೀರು ಕುಡಿಯಿರಿ. ಜ್ವರಕ್ಕೆ ಡಾಕ್ಟರು ಹೇಳಿದಷ್ಟು ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್, ಐಬುಪ್ರೊಫೆನ್ ಬೇಡ, ರಕ್ತಸ್ರಾವದ ಭಯ ಇದೆ. ಜ್ವರ ಬಿಟ್ಟ ಮೇಲೂ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ವಿಪರೀತ ಸುಸ್ತು ಕಂಡರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ.