ಸಂಪಾದಕರ ಉತ್ತರ: ದನಿ ಅವರದು, ಕ್ಯಾಸೆಟ್ ಯಾರದು?

ಡೊಂಬಿವಲಿಯ ಓದುಗರಿಗೆ ನಮಸ್ಕಾರ. ನಿಮ್ಮ ನಾಲ್ಕು ಪುಟದ ಪತ್ರವನ್ನು ಪೂರ್ತಿ ಹಾಕಲು ಜಾಗವಿಲ್ಲ, ಹಾಗಾಗಿ ಉಳಿದವರಿಗೆ ವಿಷಯ ಏನೆಂದು ಮೊದಲು ಹೇಳಿಬಿಡುತ್ತೇನೆ. ಇಂಜಿನಿಯರಿಂಗ್ ಓದುತ್ತಿರುವ ನಿಮ್ಮ ಮಗ ಸ್ಕೈರಿಮ್ ಎಂಬ ವಿಡಿಯೋ ಗೇಮ್‌ಗೆ ಒಂದು ಕನ್ನಡ ಮಾಡ್ ತಯಾರಿಸಿದ್ದಾನೆ. ಮಾಡ್ ಅಂದರೆ ಆಡುವವರೇ ಆಟಕ್ಕೆ ಜೋಡಿಸುವ ಹೊಸ ಭಾಗ. ಅದರಲ್ಲಿ ಬರುವ ಒಬ್ಬ ಮುದಿ ಸೇನಾಪತಿ ಮಾತಾಡುವುದು, ತೀರಿಹೋದ ಒಬ್ಬ ಅರ್ಥಧಾರಿಗಳ ದನಿಯಲ್ಲಿ. ಅರ್ಥಧಾರಿ ಅಂದರೆ ತಾಳಮದ್ದಳೆಯಲ್ಲಿ, ಅಂದರೆ ವೇಷ ಕುಣಿತವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ, ಪಾತ್ರವಾಗಿ ಮಾತಾಡುವ ಕಲಾವಿದರು. ಮನೆಯಲ್ಲಿದ್ದ 1988ರ ತಾಳಮದ್ದಳೆ ಕ್ಯಾಸೆಟ್ಟನ್ನು ಎಐಗೆ ಕೇಳಿಸಿ ಆ ದನಿ ತೆಗೆದನಂತೆ. ಈಗ ಮುಲುಂಡಿನಲ್ಲಿರುವ ಅವರ ಮಗಳು ಫೋನ್ ಮಾಡಿ "ಯಾರನ್ನ ಕೇಳಿ ಮಾಡಿದ್ರಿ?" ಅಂದಿದ್ದಾರೆ. ದುಡ್ಡು ತಗೊಂಡಿಲ್ಲ, ಹೆಸರು ಹಾಕಿದ್ದಾನೆ, ಅವರು ಹೋಗಿ ಎಷ್ಟೋ ವರ್ಷ ಆಯ್ತು, ಇದರಲ್ಲಿ ಕಾಪಿರೈಟ್ ಎಲ್ಲಿಂದ ಬಂತು ಅನ್ನುವುದು ನಿಮ್ಮ ಪ್ರಶ್ನೆ.

ನೀವು ಕಳಿಸಿದ ತುಣುಕನ್ನು ಎರಡು ಸಲ ಕೇಳಿದೆ. ಮೈ ಜುಮ್ಮೆಂದಿತು, ಸುಳ್ಳು ಹೇಳುವುದಿಲ್ಲ. ಮಾತಿಗೆ ಮೊದಲು ಸಣ್ಣಗೆ ಗಂಟಲು ಸರಿಮಾಡಿಕೊಳ್ಳುವುದು, "ಅಯ್ಯಾ" ಎಂದು ಎಳೆದು ನಿಲ್ಲುವುದು, ಎಲ್ಲ ಅವರದೇ. ಆದರೆ ಮೂರನೇ ಸಾಲಿಗೆ ಅದೇ ದನಿ ಒಂದು ಹೊಲಸು ಬೈಗುಳ ಹೇಳಿತು. ಎದುರಿನ ಅರ್ಥಧಾರಿ ಎಷ್ಟೇ ಕೆಣಕಿದರೂ ಅವರ ಬಾಯಲ್ಲಿ ಅಂಥ ಮಾತು ಬಂದದ್ದನ್ನು ನಾನು ಕೇಳಿಲ್ಲ. ಮಗಳಿಗೆ ಚುಚ್ಚಿದ್ದು ಇದೇ ಇರಬೇಕು.

ಈಗ ಕಾನೂನು. ದನಿಗೆ ಅಂತ ಕಾಪಿರೈಟ್ ಇಲ್ಲ, ಅಷ್ಟರ ಮಟ್ಟಿಗೆ ನೀವು ಸರಿ. ಇದ್ದಿದ್ದರೆ ಮಿಮಿಕ್ರಿಯವರೆಲ್ಲ ಕೋರ್ಟ್ ಮೆಟ್ಟಿಲಲ್ಲೇ ಕೂತಿರಬೇಕಿತ್ತು. ಆದರೆ ನಿಮ್ಮ ಮಗ ಮಿಮಿಕ್ರಿ ಮಾಡಿಲ್ಲ, ಕ್ಯಾಸೆಟ್ ಬಳಸಿದ್ದಾನೆ. ನಮ್ಮ 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಧ್ವನಿಮುದ್ರಣದ ಹಕ್ಕು ಅದು ಹೊರಬಂದ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ. 1988ರ ಕ್ಯಾಸೆಟ್ಟಿಗೆ ಲೆಕ್ಕ ಹಾಕಿದರೆ 2048ರ ಕೊನೆಯವರೆಗೆ. ಅದು ಸಾಮಾನ್ಯವಾಗಿ ಕ್ಯಾಸೆಟ್ ಮಾಡಿಸಿದವರ ಹಕ್ಕು. ಇದಲ್ಲದೆ ಕಲಾವಿದರ ಪ್ರದರ್ಶನಕ್ಕೇ ಬೇರೆ ಹಕ್ಕಿದೆ, ಅದಕ್ಕೆ 50 ವರ್ಷ. ಈ ಲೆಕ್ಕ ಶುರುವಾಗುವುದು ಪ್ರದರ್ಶನದ ವರ್ಷದಿಂದ, ಕಲಾವಿದರು ತೀರಿಕೊಂಡ ದಿನದಿಂದಲ್ಲ. "ಅವರು ಹೋಗಿ ಎಷ್ಟೋ ವರ್ಷ" ಅನ್ನುವ ಮಾತು ಹಾಗಾಗಿ ನಡೆಯುವುದಿಲ್ಲ.

ಎಐಗೆ ಕೇಳಿಸಿದ್ದೇ ತಪ್ಪಾ ಅನ್ನುವುದು ದೊಡ್ಡ ಜಗಳ. ಎಎನ್‌ಐ ಸುದ್ದಿಸಂಸ್ಥೆ 2024ರಲ್ಲಿ ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಮೇಲೆ ಹಾಕಿದ ದಾವೆಯಲ್ಲಿ ಇಂಥದ್ದೇ ಪ್ರಶ್ನೆ ದೆಹಲಿ ಹೈಕೋರ್ಟಿಗೆ ಹೋಗಿದೆ. ಮನೆಯಲ್ಲೇ ಇಟ್ಟುಕೊಂಡು ಆಡಿದ್ದರೆ ಸ್ವಂತ ಬಳಕೆ ಅನ್ನಬಹುದಿತ್ತು, ಕಾಯ್ದೆಯಲ್ಲೂ ಅದಕ್ಕೆ ಜಾಗವಿದೆ. ಅವನು ಜಗತ್ತಿಗೇ ಹಂಚಿದ್ದಾನೆ. ಪುಕ್ಕಟೆ ಹಂಚಿದರೂ ಹಂಚಿದ್ದು ಹಂಚಿದ್ದೇ ಅಲ್ವಾ?

ಮಗಳ ಕಡೆಯದನ್ನೂ ನೋಡೋಣ. ನಮ್ಮ ಬಾಂಬೆ ಹೈಕೋರ್ಟೇ 2024ರ ಜುಲೈನಲ್ಲಿ ಗಾಯಕ ಅರಿಜಿತ್ ಸಿಂಗ್ ಅವರ ದನಿಯನ್ನು ಎಐನಲ್ಲಿ ನಕಲು ಮಾಡುವುದಕ್ಕೆ ತಡೆ ಕೊಟ್ಟಿತು. ಮರುವರ್ಷ ಆಶಾ ಭೋಸ್ಲೆ ಅವರಿಗೂ ಅಲ್ಲಿ ಇಂಥದೇ ರಕ್ಷಣೆ ಸಿಕ್ಕಿತು. ಆದರೆ ಅವರು ತಾವೇ ಕೋರ್ಟಿಗೆ ಹೋದವರು. ತೀರಿಹೋದ ನಟ ಸುಶಾಂತ್ ಸಿಂಗ್ ರಜಪೂತ್ ಅವರ ತಂದೆ ಹೂಡಿದ್ದ ಕೇಸಿನಲ್ಲಿ ದೆಹಲಿ ಹೈಕೋರ್ಟ್ 2023ರಲ್ಲಿ, ಇಂಥ ಹಕ್ಕುಗಳು ವ್ಯಕ್ತಿಯ ಜತೆಗೇ ಹೋಗುತ್ತವೆ, ವಾರಸುದಾರರಿಗೆ ಬರುವುದಿಲ್ಲ ಎಂದಿತು. ಬಾಂಬೆ ಹೈಕೋರ್ಟ್ ಅದನ್ನೇ ಒಪ್ಪಬೇಕೆಂದೇನೂ ಇಲ್ಲ. ಆದರೂ ಆ ಹೆಣ್ಣುಮಗಳಿಗೆ ಅಪ್ಪನ ದನಿಗಿಂತ ಅಪ್ಪನ ಕ್ಯಾಸೆಟ್ಟೇ ಜಾಸ್ತಿ ಆಸರೆ. ವಿಚಿತ್ರ, ಆದರೆ ಸದ್ಯಕ್ಕೆ ಹಾಗಿದೆ.

ಮಾಡ್ ಮಾಡುವವರಿಗೆ ಈ ತಕರಾರು ಹೊಸದಲ್ಲ. 2021ರಲ್ಲಿ ವಿಚರ್ 3 ಆಟಕ್ಕೆ ಯಾರೋ ಮಾಡ್ ಮಾಡಿ, ಆ ಆಟದಲ್ಲಿ ಮಾತಾಡಿದ್ದ ನಟ ಡಗ್ ಕಾಕ್ಲ್ ಅವರ ದನಿಯನ್ನು ಎಐನಿಂದ ಹುಟ್ಟಿಸಿ ಹೊಸ ಸಂಭಾಷಣೆ ಹಾಕಿದಾಗ ದನಿ ಕಲಾವಿದರು ಸಿಟ್ಟಾಗಿದ್ದರು. ಸರಿಯಾಗಿ ಮಾಡಿದವರೂ ಇದ್ದಾರೆ. ಸೈಬರ್‌ಪಂಕ್ 2077 ಎಂಬ ಆಟದ ಪೋಲಿಷ್ ಆವೃತ್ತಿಯಲ್ಲಿ ಮಾತಾಡಿದ್ದ ಮಿವೊಗೊಸ್ಟ್ ರೆಚೆಕ್ 2021ರಲ್ಲಿ ತೀರಿಕೊಂಡರು. 2023ರ ಹೊಸ ಭಾಗಕ್ಕೆ ಕಂಪನಿಯವರು ಮೊದಲು ಅವರ ಗಂಡುಮಕ್ಕಳ ಒಪ್ಪಿಗೆ ಪಡೆದರು. ಆಮೇಲೆ ಇನ್ನೊಬ್ಬ ನಟರಿಂದ ಮಾತಾಡಿಸಿ, ಆ ಮಾತಿಗೆ ಎಐನಿಂದ ರೆಚೆಕ್ ಅವರ ದನಿ ಹೊದಿಸಿದರು. ಒಬ್ಬ ಕಲಾವಿದರಿಗೆ ಕೆಲಸವೂ ಸಿಕ್ಕಿತು, ಇದು ನನಗೆ ತುಂಬಾ ಹಿಡಿಸಿದ ಭಾಗ. ಮುಂಬಯಿಯಲ್ಲೇನು ಅರ್ಥ ಹೇಳುವವರಿಗೆ ಬರವೇ?

ಸದ್ಯಕ್ಕೆ ಮಾಡ್ ಅನ್ನು ಕೆಳಗಿಳಿಸಲಿ. ಬೈಗುಳದ ಸಾಲನ್ನಂತೂ ಇವತ್ತೇ ಅಳಿಸಲಿ. ಆಮೇಲೆ ಮಗನನ್ನು ಕರೆದುಕೊಂಡು ಒಂದು ಭಾನುವಾರ ಮುಲುಂಡಿಗೆ ಹೋಗಿ ಬನ್ನಿ, ಫೋನಿನಲ್ಲಿ ಬೇಡ. ಲ್ಯಾಪ್‌ಟಾಪ್ ತೆಗೆದುಕೊಂಡು ಹೋಗಿ, ಸೇನಾಪತಿಯ ಮಾತನ್ನು ಅವರಿಗೆ ಕೇಳಿಸಿ. ಅವರು ಒಪ್ಪಿದರೆ ಯಾವ ಸಾಲು, ಯಾವ ಆಟ ಅನ್ನುವುದನ್ನು ಕಾಗದದಲ್ಲಿ ಬರೆಸಿಕೊಳ್ಳಿ. ಒಪ್ಪದಿದ್ದರೆ ವಾದ ಮಾಡಬೇಡಿ, ಚಹಾ ಕುಡಿದು ಬನ್ನಿ.

ಕ್ಯಾಸೆಟ್ ಕಂಪನಿಯ ಒಪ್ಪಿಗೆ ಬೇರೆಯೇ ಪಡೆಯಬೇಕು. ಡಬ್ಬಿಯ ಹಿಂಬದಿಯ ಫೋಟೋ ಕಳಿಸಿ. ಹೆಸರು ಅಳಿಸಿರದಿದ್ದರೆ ನಮ್ಮ ಹಳೇ ಓದುಗರಲ್ಲಿ ಯಾರಿಗಾದರೂ ಗುರುತು ಸಿಗಬಹುದು.